ತುರಿಕೆ ಮೊದಲು ಬಂತು, ಹಳದಿ ಆಮೇಲೆ

ನಮ್ಮ ದೊಡ್ಡಪ್ಪ ದಿನಾ ಡೈರಿ ಬರೆಯುತ್ತಿದ್ದರು. ಕೊಡಗಿನ ತೋಟದ ಮನೆಗಳಲ್ಲಿ ಇದು ಮಾಮೂಲು. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆಯುವುದು, ಜೊತೆಗೆ ಎಷ್ಟು ಆಳು ಬಂದರು, ಏನು ಕೆಲಸ ಆಯಿತು ಅಂತ ಒಂದು ಸಾಲು. 2022ರ ಅಕ್ಟೋಬರ್ 9ರ ಪುಟದಲ್ಲಿ ಹೀಗಿದೆ: "40 ಸೆಂಟ್. ಮೆಣಸಿಗೆ ಬೋರ್ಡೋ. ಮೈ ತುರಿಕೆ." ಹತ್ತು ದಿನ ಬಿಟ್ಟು ಮತ್ತೆ: "ಮಳೆ ಇಲ್ಲ. ತುರಿಕೆ, ನಿದ್ದೆ ಇಲ್ಲ."

ಅವರ ಕಣ್ಣು ಹಳದಿಯಾಗಿದ್ದು ನವೆಂಬರ್ ಕೊನೆಗೆ. ಅಂದರೆ ಏಳು ವಾರ ಮೊದಲೇ ಅವರ ಮೈ ಏನೋ ಹೇಳುತ್ತಿತ್ತು. ನಾವು ಯಾರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದೆ ಇರಲು ಕಾರಣಗಳೂ ಇದ್ದವು. ಮೊದಲು ಬೋರ್ಡೋ, ಅಂದರೆ ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ, ಸಿಂಪಡಿಸಿದ್ದರಿಂದ ಅಂದುಕೊಂಡೆವು. ಆಮೇಲೆ ಅರೇಬಿಕಾ ಕುಯ್ಲು ಶುರುವಾಯಿತು, ಗಿಡದ ತುಂಬಾ ಕೆಂಪಿರುವೆ, ಕಂಬಳಿಹುಳ ಬೇರೆ. ಕುಯ್ಲಿನ ಸಮಯದಲ್ಲಿ ಕೊಡಗಿನಲ್ಲಿ ಮೈ ಕೆರೆದುಕೊಳ್ಳದವರು ಯಾರು? ದೊಡ್ಡಮ್ಮ ಕೊಬ್ಬರಿ ಎಣ್ಣೆ ಹಚ್ಚಿದರು. ಸೋಮವಾರಪೇಟೆಯ ಮೆಡಿಕಲ್‌ನಿಂದ ಅಲರ್ಜಿ ಮಾತ್ರೆ ಬಂತು. ಆದರೆ ಚರ್ಮದ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಕೆರೆದ ಗೀರು ಮಾತ್ರ ಇತ್ತು. ಅಂಗೈ, ಅಂಗಾಲು ಕೂಡ ತುರಿಸುತ್ತಿತ್ತು, ಅದೂ ರಾತ್ರಿಯೇ ಜಾಸ್ತಿ. ಇರುವೆ ಕಚ್ಚಿದರೆ ಅಂಗಾಲು ತುರಿಸುತ್ತದಾ? ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ.

ದೊಡ್ಡಪ್ಪನಿಗೆ ಇದ್ದದ್ದು ಪಿತ್ತನಾಳದ, ಅಂದರೆ ಲಿವರ್‌ನಿಂದ ಕರುಳಿಗೆ ಪಿತ್ತರಸ ಒಯ್ಯುವ ನಾಳದ, ಕ್ಯಾನ್ಸರ್. ಡಾಕ್ಟರುಗಳ ಬಾಯಲ್ಲಿ ಕೊಲಾಂಜಿಯೊಕಾರ್ಸಿನೋಮ. ಇದು ಅಪರೂಪದ ಕಾಯಿಲೆ. ನಮ್ಮ ಊರಲ್ಲಿ ಹೆಸರು ಕೇಳಿದವರೇ ಇರಲಿಲ್ಲ. ಇದನ್ನು ಬರೆಯುತ್ತಿರುವುದು ಒಂದೇ ಕಾರಣಕ್ಕೆ. ನಾವು "ಕಾಮಾಲೆ" ಅಂತ ಒಂದು ಪದ ಹೇಳಿ ಸುಮ್ಮನಾಗಿಬಿಡುತ್ತೇವೆ. ಕಾಮಾಲೆ ಕಾಯಿಲೆಯ ಹೆಸರಲ್ಲ. ಅದು ಬಣ್ಣದ ಹೆಸರು. ಆ ಹಳದಿ ಎಲ್ಲಿಂದ ಬಂತು ಅಂತ ಕೇಳುವ ಕೆಲಸ ಅಲ್ಲಿಂದ ಶುರುವಾಗಬೇಕು.

ನಮ್ಮ ಮನೆಯಲ್ಲಿ ಏನಾಯಿತು ಅಂದರೆ, ಕಣ್ಣು ಹಳದಿಯಾದ ಮಾರನೇ ದಿನವೇ ನಾಟಿ ಔಷಧಿಗೆ ಹೋದರು. ಕಾಮಾಲೆಗೆ ಇಂಗ್ಲಿಷ್ ಮದ್ದು ನಡೆಯಲ್ಲ ಅನ್ನುವುದು ನಮ್ಮ ಕಡೆ ಎಲ್ಲರೂ ನಂಬಿದ ಮಾತು. ನೆಲನೆಲ್ಲಿ ಅರೆದು ಹಾಲಲ್ಲಿ ಕೊಟ್ಟರು. ಉಪ್ಪಿಲ್ಲ, ಎಣ್ಣೆ ಇಲ್ಲ, ಗಂಜಿ ಮಾತ್ರ. ಮೂರು ವಾರ ಪಥ್ಯ. ಆ ಔಷಧಿ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ನೀರಿನಿಂದ ಬರುವ ವೈರಸ್ ಕಾಮಾಲೆ ಇರುತ್ತಲ್ಲ, ಹೆಪಟೈಟಿಸ್ ಎ ತರಹದ್ದು, ಅದು ಬಹಳಷ್ಟು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ. ಏನು ಕೊಟ್ಟರೂ ಇಳಿಯುತ್ತದೆ, ಏನೂ ಕೊಡದಿದ್ದರೂ ಇಳಿಯುತ್ತದೆ. ಹಾಗಾಗಿ ಔಷಧಿಯಿಂದಲೇ ವಾಸಿಯಾಯಿತು ಅಂತ ಹೇಳುವವರು ಪ್ರತಿ ಊರಲ್ಲೂ ಸಿಗುತ್ತಾರೆ, ಅವರು ಸುಳ್ಳು ಹೇಳುತ್ತಿಲ್ಲ. ಆದರೆ ನಾಳವೇ ಕಟ್ಟಿಕೊಂಡ ಕಾಮಾಲೆ ಬೇರೆ. ಅದು ಕಾದರೆ ಇಳಿಯುವುದಿಲ್ಲ. ದಿನಾ ಏರುತ್ತದೆ.

ಎರಡನ್ನೂ ಬೇರೆ ಮಾಡಿ ನೋಡಲು ಯಂತ್ರ ಬೇಡ, ಕಕ್ಕಸಿನಲ್ಲಿ ಕಣ್ಣು ಬಿಟ್ಟು ನೋಡಿದರೆ ಅರ್ಧ ಗೊತ್ತಾಗುತ್ತದೆ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಸಂಕೋಚದಿಂದಲೇ ನಾವು ಸಮಯ ಕಳೆದುಕೊಂಡಿದ್ದು. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್‌ವರೆಗೆ ಪಿತ್ತರಸ ಮಾಡುತ್ತದೆ. ಹಳೇ ರಕ್ತಕಣ ಒಡೆದು ಬಂದ ಬಿಲಿರುಬಿನ್ ಅನ್ನುವ ಬಣ್ಣ ಆ ರಸದ ಜೊತೆ ಕರುಳಿಗೆ ಬರುತ್ತದೆ. ಮಲಕ್ಕೆ ಕಂದು ಬಣ್ಣ ಬರುವುದೇ ಅದರಿಂದ. ನಾಳ ಕಟ್ಟಿದರೆ ಬಣ್ಣ ಕರುಳಿಗೆ ಇಳಿಯುವುದಿಲ್ಲ, ಮಲ ಬೆಳ್ಳಗೆ ಜೇಡಿಮಣ್ಣಿನ ಹಾಗಾಗುತ್ತದೆ. ಇಳಿಯದ ಬಣ್ಣ ರಕ್ತಕ್ಕೆ ವಾಪಸ್ ಹೋಗಿ ಮೂತ್ರದಲ್ಲಿ ಬರುತ್ತದೆ, ಮೂತ್ರ ಕಡು ಟೀ ಡಿಕಾಕ್ಷನ್ ಹಾಗಾಗುತ್ತದೆ. ಪಿತ್ತದಲ್ಲಿ ಹೋಗಬೇಕಾಗಿದ್ದ ಬೇರೆ ಪದಾರ್ಥಗಳೂ ರಕ್ತದಲ್ಲೇ ಉಳಿಯುವುದರಿಂದ ಮೈ ತುರಿಸುತ್ತದೆ. ವೈರಸ್ ಕಾಮಾಲೆಯಲ್ಲೂ ಕೆಲವು ದಿನ ಮಲ ಸ್ವಲ್ಪ ಬಿಳಿಚಿಕೊಳ್ಳಬಹುದು, ಆದರೆ ವಾರಗಟ್ಟಲೆ ಬೆಳ್ಳಗೆ, ಜೊತೆಗೆ ತುರಿಕೆ, ಜೊತೆಗೆ ತೂಕ ಇಳಿತ, ನೋವಿಲ್ಲ, ವಯಸ್ಸು ಐವತ್ತು ದಾಟಿದೆ ಅಂದರೆ ಒಂದು ದಿನವೂ ಕಾಯಬಾರದು.

ದೊಡ್ಡಪ್ಪನಿಗೆ ಅದು ಗೊತ್ತಿತ್ತು. ಮೂರು ವಾರದಿಂದ ಬೆಳ್ಳಗೆ ಹೋಗುತ್ತಿದೆ ಅನ್ನುವುದನ್ನು ಅವರು ನೋಡಿದ್ದರು. ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಡೈರಿಯಲ್ಲೂ ಬರೆಯಲಿಲ್ಲ. ಆಮೇಲೆ ಡಾಕ್ಟರ್ ಕೇಳಿದಾಗ ನಮ್ಮನ್ನು ಹೊರಗೆ ಕಳಿಸಿ ಹೇಳಿದರಂತೆ. ಅರವತ್ತೇಳು ವರ್ಷದ ಹಿರಿಯರು, ಊರಿನ ನ್ಯಾಯ ಪಂಚಾಯಿತಿಗೆ ಕೂರುವವರು, ಇಂಥದ್ದನ್ನು ಯಾರ ಹತ್ತಿರ ಮಾತಾಡಬೇಕು? ನಾವೇ ಕೇಳಬೇಕಾಗಿತ್ತು.

ಇನ್ನೊಂದು ಮಾತು ನಮ್ಮ ಜಿಲ್ಲೆಯಲ್ಲಿ ಬಂದೇ ಬರುತ್ತದೆ. ಲಿವರ್ ಕಾಯಿಲೆ ಅಂದ ತಕ್ಷಣ ಎಲ್ಲರ ಕಣ್ಣು ಬಾಟಲಿ ಹುಡುಕುತ್ತದೆ. ದೊಡ್ಡಪ್ಪ ಹುತ್ತರಿಗೆ, ಮದುವೆಗೆ ಒಂದೆರಡು ಪೆಗ್ ತೆಗೆದುಕೊಂಡವರು, ಅಷ್ಟೇ. ನೋಡಲು ಬಂದವರೆಲ್ಲ "ಇನ್ಮೇಲೆ ಬಿಟ್ಟುಬಿಡಿ" ಅಂತ ಹೇಳಿ ಹೋದರು. ದೊಡ್ಡಮ್ಮ ಅಡುಗೆಮನೆಯಲ್ಲಿ ಕೂತು ಅತ್ತಿದ್ದು ಕ್ಯಾನ್ಸರ್ ಅಂತ ಗೊತ್ತಾದ ದಿನ ಅಲ್ಲ, ಈ ಮಾತು ಕೇಳಿದ ದಿನ. ಈ ಕ್ಯಾನ್ಸರ್ ಬಂದ ಹೆಚ್ಚಿನವರಲ್ಲಿ ಕಾರಣವೇ ಸಿಗುವುದಿಲ್ಲ. ಗೊತ್ತಿರುವ ಮುಖ್ಯ ಕಾರಣಗಳು ಬೇರೆ: ಪಿತ್ತನಾಳಗಳಲ್ಲಿ ವರ್ಷಾನುಗಟ್ಟಲೆ ಇರುವ ಉರಿಯೂತ, ಹುಟ್ಟಿನಿಂದ ಬಂದ ನಾಳದ ಊತ, ಲಿವರ್ ಒಳಗಿನ ನಾಳಗಳಲ್ಲಿ ಕಲ್ಲು. ಪ್ರಪಂಚದಲ್ಲಿ ಇದು ತುಂಬಾ ಜಾಸ್ತಿ ಇರುವುದು ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ. ಅಲ್ಲಿ ಹೊಳೆ ಮೀನನ್ನು ಹಸಿಯಾಗೇ ತಿನ್ನುವ ಪದ್ಧತಿ ಇದೆ, ಆ ಮೀನಿನಲ್ಲಿರುವ ಒಂದು ಚಪ್ಪಟೆ ಹುಳ ಪಿತ್ತನಾಳದಲ್ಲಿ ಹೋಗಿ ಕೂರುತ್ತದೆ. ಅದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಹೇಳಿದೆ. ನಾವು ಹೊಳೆ ಮೀನು, ಏಡಿ ಎಲ್ಲ ತಿನ್ನುತ್ತೇವೆ, ಆದರೆ ಚೆನ್ನಾಗಿ ಬೇಯಿಸಿ. ಹಾಗಾಗಿ ದೊಡ್ಡಪ್ಪ ಏನು ತಪ್ಪು ಮಾಡಿದರು ಅಂತ ಯಾರೂ ಹುಡುಕಬೇಕಾಗಿರಲಿಲ್ಲ.

ಡಿಸೆಂಬರ್ ಮಧ್ಯದಲ್ಲಿ ನಾನು ಮೈಸೂರಿನಿಂದ ಊರಿಗೆ ಹೋದೆ. ಅವರನ್ನು ನೋಡಿ ಗಾಬರಿಯಾಯಿತು. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಅವತ್ತೇ ರಕ್ತ ಕೊಡಿಸಿದೆವು. ಬಿಲಿರುಬಿನ್ 11 ಇತ್ತು, ಸಾಮಾನ್ಯವಾಗಿ ಒಂದರ ಆಸುಪಾಸು ಇರಬೇಕಾದದ್ದು. ಅದರಲ್ಲಿ ಡೈರೆಕ್ಟ್ ಅನ್ನುವ, ಲಿವರ್ ಆಗಲೇ ಸಂಸ್ಕರಿಸಿದ ಭಾಗವೇ ಹೆಚ್ಚು. ಲಿವರ್ ಜೀವಕೋಶಗಳಿಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ ನೂರರ ಮೇಲೆ ಸ್ವಲ್ಪ, ಅಷ್ಟೇ. ಆದರೆ ಪಿತ್ತ ಕಟ್ಟಿಕೊಂಡಾಗ ಏರುವ ಅಲ್ಕಲೈನ್ ಫಾಸ್ಫಟೇಸ್ ವಿಪರೀತ ಏರಿತ್ತು. ವೈರಸ್ ಕಾಮಾಲೆಯಲ್ಲಿ ಎಸ್‌ಜಿಪಿಟಿ ಎಷ್ಟೋ ಸಲ ಸಾವಿರ ದಾಟುತ್ತದೆ. ಇಲ್ಲಿ ಉಲ್ಟಾ. ರಿಪೋರ್ಟ್ ನೋಡಿದ ಡಾಕ್ಟರ್ ಒಂದೇ ಮಾತು ಹೇಳಿದರು, "ಇದು ಲಿವರ್ ಸುಸ್ತಾಗಿ ಬಂದದ್ದಲ್ಲ, ಎಲ್ಲೋ ಅಡ್ಡ ಇದೆ. ಈಗಲೇ ಸ್ಕ್ಯಾನ್ ಮಾಡಿಸಿ." ಅಲ್ಟ್ರಾಸೌಂಡಿನಲ್ಲಿ ಲಿವರ್ ಒಳಗಿನ ನಾಳಗಳು ಎರಡೂ ಕಡೆ ಉಬ್ಬಿದ್ದವು. ಕಲ್ಲು ಇಲ್ಲ. ಪಿತ್ತಕೋಶ ಮಾತ್ರ ಕುಗ್ಗಿ ಖಾಲಿ.

ಪಿತ್ತಕೋಶ ಖಾಲಿ ಇರುವುದಕ್ಕೆ ಯಾಕೆ ಅಷ್ಟು ಮಹತ್ವ ಅಂತ ನನಗೆ ಅರ್ಥವಾಗಿರಲಿಲ್ಲ. ಆಮೇಲೆ ಮೈಸೂರಿನಲ್ಲಿ ಒಬ್ಬ ಡಾಕ್ಟರ್ ಎಕ್ಸ್‌ರೇ ಕವರ್ ಮೇಲೆ ಚಿತ್ರ ಬರೆದು ತೋರಿಸಿದರು. ನಾನು ಅದನ್ನು ದೊಡ್ಡಮ್ಮನಿಗೆ ಹೇಳಿದ್ದು ಹೊಳೆಯ ಲೆಕ್ಕದಲ್ಲಿ. ಲಿವರ್ ತುಂಬಾ ಸಣ್ಣ ಸಣ್ಣ ತೋಡುಗಳಿವೆ, ಬಲಗಡೆಯದೆಲ್ಲ ಸೇರಿ ಒಂದು ಹೊಳೆ, ಎಡಗಡೆಯದೆಲ್ಲ ಸೇರಿ ಒಂದು ಹೊಳೆ. ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಗೆ ಸೇರುತ್ತಲ್ಲ, ಹಾಗೆ ಎರಡೂ ಒಂದು ಕಡೆ ಸೇರುತ್ತವೆ. ಅಲ್ಲಿಂದ ಕೆಳಗೆ ಪಿತ್ತಕೋಶದ ನಾಳ ಬಂದು ಸೇರುತ್ತದೆ. ಆಮೇಲೆ ಪ್ಯಾಂಕ್ರಿಯಾಸ್ ಒಳಗೆ ಹಾದು ಕರುಳಿಗೆ ಬೀಳುತ್ತದೆ. ತೀರಾ ಕೆಳಗೆ ಕಟ್ಟಿದರೆ ಪಿತ್ತಕೋಶವೂ ತುಂಬಿ ಊದುತ್ತದೆ. ಸಂಗಮದಲ್ಲೇ ಕಟ್ಟಿದರೆ ಎರಡೂ ಹೊಳೆ ಹಿಂದಕ್ಕೆ ಉಕ್ಕುತ್ತವೆ, 2018ರಲ್ಲಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ ಹಾಗೆ, ಆದರೆ ಕೆಳಗಿನ ಪಿತ್ತಕೋಶಕ್ಕೆ ಹನಿಯೂ ಬರುವುದಿಲ್ಲ. ಮೇಲೆ ಎಲ್ಲೋ ಒಂದು ತೋಡಿನಲ್ಲಿ ಮಾತ್ರ ಕಟ್ಟಿದರೆ ಉಳಿದ ಕಡೆ ಹರಿಯುತ್ತಿರುತ್ತದೆ, ಕಣ್ಣು ಹಳದಿಯೇ ಆಗುವುದಿಲ್ಲ. ಅಂಥ ಗಡ್ಡೆಗಳು ತುಂಬಾ ದೊಡ್ಡದಾದ ಮೇಲೆ, ಇಲ್ಲಾ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡುವಾಗ ಸಿಗುತ್ತವೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ದು ಕೂಡಿಗೆ" ಅಂದರು. ಆಮೇಲೆ ಮನೆಯಲ್ಲಿ ನಾವೆಲ್ಲ ಅದನ್ನು ಹಾಗೇ ಕರೆದೆವು.

ಸಂಗಮದ ಈ ಗಡ್ಡೆಗೆ ಕ್ಲಾಟ್‌ಸ್ಕಿನ್ ಟ್ಯೂಮರ್ ಅಂತಲೂ ಹೆಸರಿದೆ. ಜೆರಾಲ್ಡ್ ಕ್ಲಾಟ್‌ಸ್ಕಿನ್ ಅನ್ನುವ ಅಮೆರಿಕದ ವೈದ್ಯರು 1965ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಪಿತ್ತನಾಳದ ಕ್ಯಾನ್ಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಜಾಗದಲ್ಲಿ ಆಗುತ್ತವೆ.

ಈಗ ನಾವು ಮಾಡಿದ ದೊಡ್ಡ ತಪ್ಪಿಗೆ ಬರುತ್ತೇನೆ. ಮೊದಲು ಹೋದ ಆಸ್ಪತ್ರೆಯಲ್ಲಿ, ಹೆಸರು ಬೇಡ, ಬಿಲಿರುಬಿನ್ ಇಷ್ಟು ಏರಿದೆ, ಮೊದಲು ಸ್ಟೆಂಟ್ ಹಾಕಿಬಿಡೋಣ ಅಂದರು. ಸ್ಟೆಂಟ್ ಅಂದರೆ ಕಟ್ಟಿದ ನಾಳವನ್ನು ತೆರೆದಿಡುವ ಸಣ್ಣ ಕೊಳವೆ, ಬಾಯಿಂದ ಕ್ಯಾಮೆರಾ ಇಳಿಸಿ ಮಾಡುವ ಇಆರ್‌ಸಿಪಿಯಲ್ಲಿ ಅದನ್ನು ಹಾಕುತ್ತಾರೆ. ನಮಗೆ ಏನು ಗೊತ್ತು, ಆಯಿತು ಅಂದೆವು. ಎಂಆರ್‌ಐ ಮಾಡಿರಲಿಲ್ಲ. ಸ್ಟೆಂಟ್ ಒಂದು ಕಡೆಗೆ ಮಾತ್ರ ಹೋಯಿತು. ಇನ್ನೊಂದು ಕಡೆ ನಿಂತ ಪಿತ್ತಕ್ಕೆ ಸೋಂಕು ತಗುಲಿತು. ಮೂರನೇ ದಿನ ಚಳಿ, ನಡುಕ, 103 ಜ್ವರ. ಅಷ್ಟರಲ್ಲಿ ಮನೆಗೆ ಕರೆದುಕೊಂಡು ಬಂದಿದ್ದೆವು. ರಾತ್ರಿ ಕಾರಿನಲ್ಲಿ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮತ್ತೆ ಮೈಸೂರಿಗೆ ಓಡಿದೆವು. ನಮ್ಮ ಜಿಲ್ಲೆಗೆ ರೈಲು ಕೂಡ ಇಲ್ಲ ಅಲ್ವಾ, ಇಂಥ ರಾತ್ರಿಗಳಲ್ಲಿ ಆ ದೂರ ಎಷ್ಟು ಅಂತ ಗೊತ್ತಾಗುತ್ತದೆ. ಹಿಂದಿನ ಸೀಟಿನಲ್ಲಿ ದೊಡ್ಡಪ್ಪನ ಹಲ್ಲು ಕಟಕಟ ಅನ್ನುತ್ತಿತ್ತು.

ಎರಡನೇ ಆಸ್ಪತ್ರೆಯ ಗ್ಯಾಸ್ಟ್ರೋ ಡಾಕ್ಟರ್ ನಿಧಾನವಾಗಿ ಹೇಳಿದರು. ಈ ಜಾಗದಲ್ಲಿ ಅಡ್ಡ ಇದೆ ಅಂತ ಅನುಮಾನ ಬಂದರೆ, ರೋಗಿಗೆ ಆಗಲೇ ಸೋಂಕು, ಜ್ವರ ಇಲ್ಲದಿದ್ದರೆ, ಸ್ಟೆಂಟಿಗೆ ಮುಂಚೆ ಸಿಟಿ ಮತ್ತು ಎಂಆರ್‌ಸಿಪಿ ಆಗಬೇಕು. ಎಂಆರ್‌ಸಿಪಿ ಅಂದರೆ ಎಂಆರ್‌ಐ ಯಂತ್ರದಲ್ಲೇ ಪಿತ್ತನಾಳಗಳ ಚಿತ್ರ ತೆಗೆಯುವುದು, ಒಳಗೆ ಏನೂ ಹಾಕುವುದಿಲ್ಲ. ನಾಳ ತುಂಬಿಕೊಂಡಿರುವಾಗ ಅಡ್ಡ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಚೆನ್ನಾಗಿ ಕಾಣುತ್ತದೆ. ಸ್ಟೆಂಟ್ ಹಾಕಿದ ಮೇಲೆ ನಾಳ ಬತ್ತುತ್ತದೆ, ಗೋಡೆಗೆ ಊತ ಬರುತ್ತದೆ, ಗಡ್ಡೆ ಯಾವುದು ಊತ ಯಾವುದು ಅಂತ ಹೇಳುವುದು ಕಷ್ಟ. ಯಾವ ಕಡೆಯ ಪಿತ್ತ ಹೊರಗೆ ಬಿಡಬೇಕು ಅನ್ನುವುದನ್ನೂ ಮುಂದೆ ಆಪರೇಷನ್ ಮಾಡುವ ಸರ್ಜನ್ ಜೊತೆ ಕೂತು ತೀರ್ಮಾನಿಸಬೇಕಂತೆ. ಇದು ನಮಗೆ ಮೊದಲೇ ಗೊತ್ತಿದ್ದರೆ ಒಂದು ಪ್ರಶ್ನೆ ಕೇಳುತ್ತಿದ್ದೆವು: "ಸ್ಟೆಂಟಿಗೆ ಮುಂಚೆ ಎಂಆರ್‌ಸಿಪಿ ಮಾಡಬಹುದಾ ಡಾಕ್ಟ್ರೇ?" ಅಷ್ಟು ಕೇಳಲು ಡಾಕ್ಟರ್ ಓದಿರಬೇಕಾಗಿಲ್ಲ.

ಇಆರ್‌ಸಿಪಿ ಮಾಡುವಾಗ ನಾಳದೊಳಗೆ ಸಣ್ಣ ಬ್ರಷ್ ಉಜ್ಜಿ ಜೀವಕೋಶ ತೆಗೆದಿದ್ದರು. ಅದರ ರಿಪೋರ್ಟ್ ಬಂತು: ಕ್ಯಾನ್ಸರ್ ಕಣ ಸಿಕ್ಕಿಲ್ಲ. ಮನೆಯಲ್ಲಿ ಹಬ್ಬವಾಯಿತು. ದೊಡ್ಡಮ್ಮ ಹರಕೆ ತೀರಿಸಲು ದೇವಸ್ಥಾನಕ್ಕೆ ಹೊರಟೇಬಿಟ್ಟರು. ನಾನೂ ನಂಬಿದೆ. ಡಾಕ್ಟರ್ ಮಾತ್ರ ನಗಲಿಲ್ಲ. "ಸಿಕ್ಕಿಲ್ಲ ಅಂದರೆ ಇಲ್ಲ ಅಂತ ಅಲ್ಲ" ಅಂದರು. ಈ ಗಡ್ಡೆಯಲ್ಲಿ ಕ್ಯಾನ್ಸರ್ ಕಣಗಳು ಕಡಿಮೆ, ಸುತ್ತ ಗಟ್ಟಿ ನಾರು ಜಾಸ್ತಿ. ಬ್ರಷ್ಷಿಗೆ ನಾರು ಬರುತ್ತದೆ, ಕಣ ಬರುವುದಿಲ್ಲ. ಕ್ಯಾನ್ಸರ್ ಇದ್ದವರಲ್ಲೇ ಅರ್ಧದಷ್ಟು ಜನರಿಗೆ ಬ್ರಷ್ ರಿಪೋರ್ಟ್ ಹೀಗೆ ಬರುತ್ತದೆ. ಹಾಗಾಗಿ ಸ್ಕ್ಯಾನ್ ಬಲವಾಗಿ ಹೇಳುತ್ತಿದ್ದರೆ ಎಷ್ಟೋ ಸಲ ಬಯಾಪ್ಸಿ ಪುರಾವೆ ಇಲ್ಲದೆಯೇ ಸರ್ಜನ್‌ಗಳು ಆಪರೇಷನ್ ಮಾಡುತ್ತಾರೆ. ಇದನ್ನು ಒಪ್ಪಿಕೊಳ್ಳಲು ನಮಗೆ ತುಂಬಾ ಕಷ್ಟವಾಯಿತು. ಕ್ಯಾನ್ಸರ್ ಅಂತ ಕಾಗದದಲ್ಲಿ ಬರೆದಿಲ್ಲ, ಲಿವರ್ ಅರ್ಧ ತೆಗೆಯಬೇಕು ಅಂತಾರೆ ಅಂದರೆ ಯಾರು ಒಪ್ಪುತ್ತಾರೆ ಹೇಳಿ?

ಮಧ್ಯದಲ್ಲಿ ಇನ್ನೊಂದು ಪರೀಕ್ಷೆ ಮಾಡಿದರು, ಐಜಿಜಿ4. ಅದರ ಹೆಸರಿನದೇ ಒಂದು ಉರಿಯೂತದ ಕಾಯಿಲೆ ಇದೆ, ಪಿತ್ತನಾಳವನ್ನು ಥೇಟ್ ಕ್ಯಾನ್ಸರ್ ಹಾಗೇ ಕಟ್ಟಿಸುತ್ತದೆ, ಸ್ಟೀರಾಯ್ಡ್ ಕೊಟ್ಟರೆ ಕರಗುತ್ತದೆ. ಕೊಯ್ಯುವ ಮುಂಚೆ ಅದಲ್ಲ ಅಂತ ನೋಡಿಕೊಳ್ಳಬೇಕು. ಆ ರಿಪೋರ್ಟಿಗೆ ಕಾದ ನಾಲ್ಕು ದಿನ ನಾನು ಆಸೆ ಇಟ್ಟುಕೊಂಡಿದ್ದೆ. ಅದು ನಾರ್ಮಲ್ ಬಂತು. ನಾರ್ಮಲ್ ಅನ್ನುವ ಪದ ಓದಿ ಅಳು ಬಂದದ್ದು ಅವತ್ತೇ ಮೊದಲು.

ಈ ಕ್ಯಾನ್ಸರ್ ಇದ್ದರೆ ಹೆಚ್ಚಾಗಿ ಏರುವ ಸಿಎ 19-9 ಅನ್ನುವ ರಕ್ತ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಮೊದಲ ಸಲ 600 ದಾಟಿತ್ತು. ಆದರೆ ನಾಳ ಕಟ್ಟಿ ಸೋಂಕಾಗಿದ್ದರೆ, ಬರೀ ಕಲ್ಲಿನಿಂದ ಕಟ್ಟಿದ್ದರೂ, ಅದು ಏರುತ್ತದೆ. ಕಾಮಾಲೆ ಇಳಿದ ಮೇಲೆ ಮತ್ತೆ ನೋಡಬೇಕು. ನಮ್ಮದು ಬಿಲಿರುಬಿನ್ 2ಕ್ಕೆ ಇಳಿದರೂ ಅದು ಇಳಿಯಲಿಲ್ಲ. ಇನ್ನು ಕೆಲವರ ಮೈಯಲ್ಲಿ ಹುಟ್ಟಿನಿಂದಲೇ ಅದು ತಯಾರಾಗುವುದೇ ಇಲ್ಲ, ಕ್ಯಾನ್ಸರ್ ಇದ್ದರೂ ಏರುವುದಿಲ್ಲ. ಅದೊಂದನ್ನೇ ಹಿಡಿದು ಹೌದು ಅಂತಲೂ ಇಲ್ಲ ಅಂತಲೂ ಹೇಳಲು ಆಗುವುದಿಲ್ಲ.

ಡೈರಿ ಕೆಲಸಕ್ಕೆ ಬಂದದ್ದು ಇಲ್ಲಿ. ಯಾವಾಗ ಶುರುವಾಯಿತು ಅಂತ ಡಾಕ್ಟರ್ ಕೇಳಿದಾಗ ನಾವೆಲ್ಲ ಒಂದೊಂದು ಹೇಳಿದೆವು. ದೊಡ್ಡಪ್ಪ ಚೀಲದಿಂದ ಡೈರಿ ತೆಗೆದು ಕೊಟ್ಟರು. ಡಾಕ್ಟರ್ ಅಕ್ಟೋಬರ್‌ನಿಂದ ಪುಟ ತಿರುಗಿಸುತ್ತಾ ಹೋದರು. ತುರಿಕೆ, ಊಟ ಸೇರಲಿಲ್ಲ, ಸುಸ್ತು, ತೋಟಕ್ಕೆ ಹೋಗಲಿಲ್ಲ. "ಯಜಮಾನರೇ, ಇಷ್ಟು ಚೆನ್ನಾಗಿ ಹಿಸ್ಟರಿ ಕೊಟ್ಟವರು ಇಲ್ಲ" ಅಂದರು. ದೊಡ್ಡಪ್ಪನಿಗೆ ಖುಷಿಯಾಯಿತು. ಮಳೆ ಲೆಕ್ಕವನ್ನೂ ನೋಡಿ ಅಂತ ತೋರಿಸಿದರು.

ಆಪರೇಷನ್ ಮಾಡಬಹುದು ಅಂತ ಜನವರಿ ಕೊನೆಗೆ ತೀರ್ಮಾನವಾಯಿತು. ಬಲಭಾಗದ ಲಿವರ್ ಜೊತೆ ಗಡ್ಡೆ ತೆಗೆಯುವುದು. ಉಳಿಯುವ ಎಡಭಾಗ ಸಣ್ಣದಿತ್ತು, ಅದು ಬೆಳೆಯಲಿ ಅಂತ ಬಲಭಾಗಕ್ಕೆ ಹೋಗುವ ದೊಡ್ಡ ರಕ್ತನಾಳವನ್ನು ಮುಚ್ಚಿದರು. ಲಿವರ್ ಹಾಗೆ ಬೆಳೆಯುತ್ತದೆ ಅನ್ನುವುದು ನನಗೆ ಈಗಲೂ ಆಶ್ಚರ್ಯ. ನಾಲ್ಕು ವಾರ ಕಾದು, ಹೊಟ್ಟೆಯೊಳಗೆ ಮೊದಲು ಕ್ಯಾಮೆರಾ ಹಾಕಿ ನೋಡಿದರು. ಹೊಟ್ಟೆಯ ಒಳಪದರದ ಮೇಲೆ ರಾಗಿ ಕಾಳಿನಷ್ಟು ಬಿಳಿ ಚುಕ್ಕೆಗಳಿದ್ದವು. ಯಾವ ಸ್ಕ್ಯಾನಿನಲ್ಲೂ ಅವು ಕಂಡಿರಲಿಲ್ಲ. ಆ ಚುಕ್ಕೆಗಳಿಂದಲೇ ಕೊನೆಗೆ ಬಯಾಪ್ಸಿ ಪುರಾವೆ ಸಿಕ್ಕಿತು. ಆಪರೇಷನ್ ಮಾಡದೆ ಮುಚ್ಚಿದರು.

ಮುಂದಿನದನ್ನು ಉದ್ದ ಬರೆಯುವುದಿಲ್ಲ. ಜೆಮ್‌ಸಿಟಾಬಿನ್, ಸಿಸ್‌ಪ್ಲಾಟಿನ್ ಕೀಮೋ ಕೊಟ್ಟರು. ಈ ಜೋಡಿ ನೆಲೆ ನಿಂತದ್ದು 2010ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಿಂದ. 410 ಜನರಲ್ಲಿ ಜೆಮ್‌ಸಿಟಾಬಿನ್ ಒಂದನ್ನೇ ಕೊಟ್ಟವರು ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ 8.1 ತಿಂಗಳು, ಜೋಡಿ ಕೊಟ್ಟವರು 11.7 ತಿಂಗಳು ಬದುಕಿದ್ದರು. ಈಗ ಅದರ ಜೊತೆ ಇಮ್ಯುನೋಥೆರಪಿಯೂ (ಮೈಯ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಜೊತೆ ಹೋರಾಡುವಂತೆ ಮಾಡುವ ಔಷಧಿ) ಸೇರಿದೆ, ಗಡ್ಡೆಯ ಜೀನ್ ಪರೀಕ್ಷೆ ಮಾಡಿ ಎಫ್‌ಜಿಎಫ್‌ಆರ್2, ಐಡಿಎಚ್1 ಅನ್ನುವ ಜೀನ್‌ಗಳಲ್ಲಿ ಬದಲಾವಣೆ ಸಿಕ್ಕರೆ ಅದಕ್ಕೇ ಹೊಂದುವ ಮಾತ್ರೆಗಳೂ ಬಂದಿವೆ. ಆ ಬದಲಾವಣೆಗಳು ಹೆಚ್ಚಾಗಿ ಸಿಗುವುದು ಲಿವರ್ ಒಳಗಿನ ನಾಳದ ಗಡ್ಡೆಗಳಲ್ಲಿ. ನಮ್ಮದರಲ್ಲಿ ಸಿಗಲಿಲ್ಲ. ದೊಡ್ಡಪ್ಪ ಹದಿಮೂರು ತಿಂಗಳು ಇದ್ದರು. ಅದರಲ್ಲಿ ಎಂಟು ತಿಂಗಳು ಚೆನ್ನಾಗಿದ್ದರು, ಒಂದು ಕುಯ್ಲು ಪೂರ್ತಿ ಕಣದಲ್ಲಿ ಕುರ್ಚಿ ಹಾಕಿ ಕೂತು ನೋಡಿದರು. 2024ರ ಮಾರ್ಚ್‌ನಲ್ಲಿ ಹೋದರು.

ಏಳು ವಾರ ಮೊದಲೇ ಹೋಗಿದ್ದರೆ ಆ ಚುಕ್ಕೆಗಳು ಇರುತ್ತಿರಲಿಲ್ಲವಾ? ಇದನ್ನು ಡಾಕ್ಟರಿಗೆ ಕೇಳಿದ್ದೆ. ಅವರು ನನ್ನ ಭುಜ ತಟ್ಟಿ, ಉತ್ತರ ಹೇಳಲಿಲ್ಲ.

ಹೋದ ತಿಂಗಳು ಕೊಡ್ಲಿಪೇಟೆಯಿಂದ ನಮ್ಮ ಸೋದರತ್ತೆ ಫೋನ್ ಮಾಡಿದ್ದರು. ಮಾವನ ಕಣ್ಣು ಹಳದಿಯಾಗಿದೆ, ಯಾರೋ ಔಷಧಿ ಕೊಡುವವರ ಹತ್ತಿರ ಹೋಗುತ್ತಿದ್ದೇವೆ ಅಂತ. ನಾನು ಫೋನಿನಲ್ಲೇ ಕೇಳಿದೆ, "ಅತ್ತೆ, ಮಾವನಿಗೆ ಮೈ ತುರಿಕೆ ಇದೆಯಾ? ಕಕ್ಕಸು ಯಾವ ಬಣ್ಣ ಹೋಗ್ತಿದೆ ಕೇಳಿ." ಅತ್ತೆ "ಅಯ್ಯೋ, ಅದನ್ನೆಲ್ಲ ಹೇಗೆ ಕೇಳೋದು ಮಗ" ಅಂದರು. ಫೋನ್ ಮಾವನಿಗೆ ಕೊಡಿ ಅಂದೆ. ಮಾವ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೆಲ್ಲಗೆ, "ಒಂದು ವಾರದಿಂದ ಬೆಳ್ಳಗೆ" ಅಂದರು. ಮಾರನೇ ದಿನ ಬೆಳಿಗ್ಗೆ ಹಾಸನಕ್ಕೆ ಕರೆದುಕೊಂಡು ಹೋಗಿ ರಕ್ತ, ಸ್ಕ್ಯಾನ್ ಮಾಡಿಸಿದೆವು, ಆಮೇಲೆ ಎಂಆರ್‌ಸಿಪಿ. ಅವರಿಗೆ ಇದ್ದದ್ದು ಕಲ್ಲು. ಪಿತ್ತಕೋಶದಿಂದ ಜಾರಿ ನಾಳದ ಕೊನೆಗೆ ಸಿಕ್ಕಿಹಾಕಿಕೊಂಡಿತ್ತು. ಇಆರ್‌ಸಿಪಿಯಲ್ಲಿ ತೆಗೆದರು, ಮೂರನೇ ದಿನ ಮನೆಗೆ ಬಂದರು.